ಎರಡನೆಯ ಸರದಿ

ರಾಮದುರ್ಗ
೧೮ ಜೂನ್ ೧೯೯೬

ಪ್ರೀತಿಯ ನಾಗರತ್ನಾ,

ಸಾಮಾನು ಇಳಿಸಿ ಮೂರು ದಿನವಾಯಿತು. ಒಲೆ ಯಾವ ಮೂಲೆಗೆ ಇರಬೇಕೆಂದು ಅವ್ವನಿಗೂ ಅಪ್ಪನಿಗೂ ಇನ್ನೂ ಜಗಳ ನಡೆದಿದೆ. ಅವರಿಬ್ಬರ ನಡುವೆ ಗಂಟಿನ ಮೇಲೆ ಕುಳಿತು ನಿನಗೆ ಬರೆಯುತ್ತಿದ್ದೇನೆ. ಅಪ್ಪ ನೀರಾವರಿ ಕಚೇರಿಯ ಜವಾನನಾಗಿ ಹದಿನಾಲ್ಕು ವರ್ಷ ಬೈಲಹೊಂಗಲದಲ್ಲೇ ಇದ್ದವನು. ಒಂದು ಕಾಗದ ಬಂತು, ರಾಮದುರ್ಗಕ್ಕೆ ವರ್ಗವಾಯಿತು. "ಸರಕಾರದ ಮಂದಿ ನಾವು, ಎತ್ತ ಹೋಗಂದ್ರ ಅತ್ತ" ಎಂದು ನಗುತ್ತಾನೆ. ನನಗೆ ಮಾತ್ರ ನಗು ಬರಲಿಲ್ಲ.

ಬ್ಯಾಂಡು ಬಿಡುತ್ತೇನೆಂದು ತಿಳಿಯಬೇಡ. ಪ್ರತಿ ರವಿವಾರ ಮುಂಜಾನೆ ಸವದತ್ತಿಯ ಬಸ್ಸು ಹಿಡಿದು, ಅಲ್ಲಿ ಇಳಿದು ಬೈಲಹೊಂಗಲದ ಬಸ್ಸು ಹತ್ತಿದರೆ ಹತ್ತೂವರೆಗೆ ನಿಮ್ಮ ಅಪ್ಪಾರ ಸಂಗೀತ ಶಾಲೆಯ ಬಾಗಿಲಲ್ಲಿ ಇರುತ್ತೇನೆ. ಮಾಸ್ತರು ಬೆಳಗಾವಿಯಿಂದ ಬರುವುದೂ ಅಷ್ಟೊತ್ತಿಗೇ. ಮುಂಬೈಯ ಹೋಟೆಲುಗಳಲ್ಲಿ ನಲವತ್ತು ವರ್ಷ ಜಾಝ್ ಊದಿದ ಗೋವಾದ ಮನುಷ್ಯ, ಎಪ್ಪತ್ತು ದಾಟಿದ ಮೇಲೆ ನಮ್ಮಂಥ ಏಳು ಹುಡುಗರಿಗಾಗಿ ಅಷ್ಟು ದೂರ ಬರುತ್ತಾರೆ. ನನಗೆ ಎರಡು ಬಸ್ಸು ಭಾರವೇ?

ಊರು ಬಿಡುವ ಹಿಂದಿನ ದಿನ ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. "ಡಿಸೆಂಬರ್ ಇಪ್ಪತ್ತೆರಡಕ್ಕ ಪಣಜಿಯಾಗ ಹುಡುಗರ ಬ್ಯಾಂಡಿನ ಮೇಳ ಐತಿ. ಅಲ್ಲಿ ಸಂಗೀತ ಶಾಲಿ ಮುಖ್ಯಸ್ಥರು ಕೇಳಾಕ ಬರತಾರ. ಒಬ್ಬರನ್ನ ಆರಿಸಿ ಎರಡು ವರ್ಷ ಇಟ್ಕೊಂಡು ಕಲಸ್ತಾರ, ಊಟ ವಸತಿ ಎಲ್ಲಾ ಅವರದ. ಸ್ಯಾಕ್ಸೊಫೋನಿನ ಸರದಿ ಬಂದಾಗ ನೀ ಹೆದರದ ಊದು, ಸಾಕು. ಆ ಜಾಗ ನಿಂದ."

ಸರದಿ ಎಂದರೇನೆಂದು ಅಪ್ಪನಿಗೆ ತಿಳಿಸಿ ಹೇಳಲು ಸಾಕುಬೇಕಾಯಿತು. ಮೊದಲು ಎಲ್ಲರೂ ಕೂಡಿ ಹಾಡು ಬಾರಿಸುತ್ತೇವೆ, ಆಮೇಲೆ ಒಬ್ಬರು ಎದ್ದು ನಿಂತು ಆ ಹೊತ್ತಿಗೆ ತಮಗೆ ಹೊಳೆದದ್ದನ್ನು ಊದುತ್ತಾರೆ, ಉಳಿದವರು ಕೆಳದನಿಯಲ್ಲಿ ತಾಳ ಹಿಡಿದಿರುತ್ತಾರೆ ಎಂದೆ. "ಬರಕೊಂಡಿರಂಗಿಲ್ಲ? ಬಾಯಿಪಾಠನೂ ಇಲ್ಲ? ಮತ್ತ ಎಲ್ಲಿಂದ ಬರತೈತಿ ಅದು?" ಎಂದು ಕೇಳಿದ. ಬರುತ್ತದೆ ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಗೋಕಾಕದವರು ನನ್ನನ್ನು ನೋಡಿಹೋಗಿದ್ದಾರೆ, ಒಪ್ಪಿದ್ದಾರೆ. ಅಪ್ಪ ಒಂದು ಮಾತು ಕೊಟ್ಟಿದ್ದಾನೆ: "ಪಣಜಿ ತನಕ ಅವರನ್ನ ತಡೀತೇನಿ. ಅಲ್ಲಿ ನಿನಗ ಜಾಗ ಸಿಕ್ತಂದ್ರ ಕಲೀಯವ್ವ, ನಾ ಅಡ್ಡ ಬರಂಗಿಲ್ಲ. ಸಿಗಲಿಲ್ಲಂದ್ರ ಅವರಿಗೆ ಹೂಂ ಅಂತೇನಿ, ಆಗ ಅಳಬಾರದು." ನಾನು ಒಪ್ಪಿದೆ. ನನ್ನ ಜೀವವೆಲ್ಲ ಈಗ ಡಿಸೆಂಬರ್ ಇಪ್ಪತ್ತೆರಡರಲ್ಲಿದೆ.

ನಿನ್ನ
ಭಾಗ್ಯಾ


ಬೈಲಹೊಂಗಲ
೧೧ ಜುಲೈ ೧೯೯೬

ಏ ಭಾಗ್ಯಾ,

ನಿನ್ನ ಪತ್ರವನ್ನು ನಮ್ಮ ಮನೆಯಲ್ಲಿ ನನಗಿಂತ ಮೊದಲು ಮೂವರು ಓದಿದರು. ಗೋಕಾಕದ ಗಂಡಿನ ಸುದ್ದಿ ಬರೆಯುವುದಿದ್ದರೆ ಇನ್ನು ಮೇಲೆ ಲಕೋಟೆ ಗಟ್ಟಿಯಾಗಿ ಅಂಟಿಸು. ಪಣಜಿಯ ಜಾಗದ ವಿಷಯ ಓದಿ ನಮ್ಮಪ್ಪ ಮೀಸೆ ಸವರಿಕೊಂಡ. ಅಧ್ಯಕ್ಷ ನಿಜಗುಣಪ್ಪನವರು ಮೀಸೆ ಸವರಿದರೆ ಊರಲ್ಲಿ ಯಾರಿಗೋ ಏನೋ ಕಾದಿದೆ ಎಂದು ನಮ್ಮವ್ವ ಹೇಳುತ್ತಾಳೆ. ಹೋಗಲಿ ಬಿಡು.

ಒಂದು ತಮಾಷೆ ಕೇಳು. ನಮ್ಮ ಸುಭಾಸಣ್ಣನಿಗೆ ಟ್ರಂಪೆಟ್ ಸಾಕಾಗಿದೆಯಂತೆ, ತುಟಿ ಬಾಯುತ್ತದಂತೆ. ಸೋಮವಾರ ಶಾಲೆಯಿಂದ ಸ್ಯಾಕ್ಸೊಫೋನನ್ನೇ ಮನೆಗೆ ತಂದು ಪಡಸಾಲೆಯಲ್ಲಿ ಊದುತ್ತ ಕುಳಿತ. ನಮ್ಮ ಆಯಿ ತಂಗೆವ್ವ ಗೊತ್ತಲ್ಲ, ಅಪ್ಪನ ತಾಯಿ, ಅವಳು ಜಪ ಬಿಟ್ಟು ಬಂದು ಕೇಳಿದಳು: "ಇದನ್ನ ದಿನಾ ಯಾರು ಊದತಾರೋ?" ಆ ದಡ್ಡ ನಿನ್ನ ಹೆಸರು ಹೇಳಿಬಿಟ್ಟ. "ಅಯ್ಯ ನನ್ನ ಶಿವನ! ಲಗಮಣ್ಣನ ಮಗಳ ಎಂಜಲಾ ನೀ ಬಾಯಾಗ ಇಟ್ಕೊಂಡೀ?" ಎಂದು ಕೂಗಿದ ಕೂಗಿಗೆ ಓಣಿಯವರೆಲ್ಲ ಬಾಗಿಲಿಗೆ ಬಂದರು.

ಆಮೇಲೆ ಶುರುವಾಯಿತು ನೋಡು. ಒಂದು ಉಂಡೆ ಹುಣಸೆಹಣ್ಣು, ಹಿಡಿ ಉಪ್ಪು, ತೆಂಗಿನ ನಾರು. ಹಿತ್ತಾಳೆಯ ಕೊಡ ತಿಕ್ಕಿದ ಹಾಗೆ ಒಳಗೂ ಹೊರಗೂ ತಿಕ್ಕಿದಳು. ಅಷ್ಟಕ್ಕೂ ಮೈಲಿಗೆ ಹೋಗಲಿಲ್ಲವೆಂದು ಬಚ್ಚಲಮನೆಯ ಹಂಡೆಯ ಬಿಸಿನೀರಿನಲ್ಲಿ ಪೂರಾ ಮುಳುಗಿಸಿ ಮರುದಿನ ಮುಂಜಾನೆಯ ತನಕ ಬಿಟ್ಟಳು. ಎತ್ತಿ, ಒರೆಸಿ, ಮೂರು ಬೆರಳು ವಿಭೂತಿ ಎಳೆದಳು. ಈಗ ನಿನ್ನ ಸ್ಯಾಕ್ಸೊಫೋನು ಬಂಗಾರದ ಹಾಗೆ ಹೊಳೆಯುತ್ತ ಶಾಲೆಯ ಕಪಾಟಿನಲ್ಲಿದೆ. ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಆಯಿ ಹಳೇ ಕಾಲದವಳು. ನೀನೂ ನಗು. ರವಿವಾರ ಬೇಗ ಬಾ.

ನಾಗರತ್ನಾ


ರಾಮದುರ್ಗ
೧೫ ಜುಲೈ ೧೯೯೬

ನಾಗರತ್ನಾ,

ನಿನ್ನ ಪತ್ರ ಇವತ್ತು ಸಿಕ್ಕಿತು, ನಾನು ಬೈಲಹೊಂಗಲಕ್ಕೆ ಬಂದುಹೋದ ಮರುದಿನ. ಶನಿವಾರ ಸಿಕ್ಕಿದ್ದರೆ ನಿನ್ನೆ ಅಷ್ಟು ಮಂದಿಯ ಮುಂದೆ ಬಾಯಿ ತೆರೆಯುತ್ತಿದ್ದೆ.

ನಿನ್ನೆ ಊದಿದರೆ ಬರೀ ಗಾಳಿ ಬಂತಲ್ಲ, ಒಂದು ಸ್ವರವೂ ಹೊರಡಲಿಲ್ಲವಲ್ಲ, ಕೀಲಿಗಳು ಒತ್ತಿದರೆ ಮೇಲೇಳಲಿಲ್ಲವಲ್ಲ, ಏಕೆಂದು ನಿನಗೆ ಗೊತ್ತಿತ್ತು. ನಿಮ್ಮ ಅಪ್ಪಾರು ಎಲ್ಲರ ಮುಂದೆ "ಇಷ್ಟ ದಿವಸ ಊದಿದಾಕಿ ನೀನ, ಕೆಡಿಸಿದಾಕಿನೂ ನೀನ. ಸಂಸ್ಥೆದ ವಾದ್ಯ ಅಂದ್ರ ನಿಮ್ಮಪ್ಪನ ಹಲಗಿ ಅಂತ ತಿಳಕೊಂಡೀ ಏನು?" ಎಂದಾಗ ನೀನು ಕೀಬೋರ್ಡಿನ ಹಿಂದೆಯೇ ಕುಳಿತಿದ್ದೆ. ನಾನು ನಿನ್ನ ಕಡೆ ನೋಡಿದೆ. ನೀನು ಉಗುರು ನೋಡಿಕೊಂಡೆ. ಒಂದು ಮಾತು ಸಾಕಿತ್ತು. ನಮ್ಮಪ್ಪ ಒಂದು ದಿನವೂ ಹಲಗೆ ಬಾರಿಸಿದವನಲ್ಲ, ಅದೂ ನಿನಗೆ ಗೊತ್ತು.

ಸ್ಯಾಕ್ಸೊಫೋನಿನ ತೂತುಗಳನ್ನು ಮುಚ್ಚುವ ಪ್ಯಾಡುಗಳಿರುತ್ತವಲ್ಲ, ಅವು ಚರ್ಮದವು. ನೀರು ತಾಗಿದರೆ ಉಬ್ಬಿ ಹಾಳಾಗುತ್ತವೆ. ನಿಮ್ಮ ಆಯಿ ನನ್ನ ಎಂಜಲು ತೆಗೆಯಲು ಹೋಗಿ ಇಪ್ಪತ್ತೈದು ಪ್ಯಾಡುಗಳನ್ನೂ ಕೊಂದಿದ್ದಾಳೆ. ಹೊಸವು ಬೇಕೆಂದರೆ ಮುಂಬೈಗೆ ಕಳಿಸಬೇಕು, ಆರು ತಿಂಗಳು ಹಿಡಿಯುತ್ತದೆ ಎಂದು ಮಾಸ್ತರು ತಲೆಯ ಮೇಲೆ ಕೈಹೊತ್ತು ಕುಳಿತರು. ಆರು ತಿಂಗಳೆಂದರೆ ನನ್ನ ಕಥೆ ಮುಗಿದ ಹಾಗೆ.

ಯರಗಟ್ಟಿಯಲ್ಲಿ ನಮ್ಮ ಬೀರಪ್ಪ ಮಾವ, ಅವ್ವನ ತಮ್ಮ, ಚಪ್ಪಲಿ ಅಂಗಡಿ ಇಟ್ಟಿದ್ದಾನೆ. ತೊಗಲಿನ ಕೆಲಸದಲ್ಲಿ ಅವನ ಕೈ ದೊಡ್ಡದು. ಸ್ಯಾಕ್ಸೊಫೋನನ್ನು ಅವನಲ್ಲಿಗೆ ಕಳಿಸಲು ನಿಮ್ಮ ಅಪ್ಪಾರನ್ನು ಒಪ್ಪಿಸು. ಮತ್ತೆ, ಕೆಡಿಸಿದವರು ಯಾರೆಂದು ಅವರಿಗೆ ಹೇಳು.

ಭಾಗ್ಯಾ


ಬೈಲಹೊಂಗಲ
೨೬ ಜುಲೈ ೧೯೯೬

ಭಾಗ್ಯಾ,

ಎಷ್ಟು ಸಿಟ್ಟೇ ನಿನಗೆ! ಪತ್ರ ಓದಿ ಕೈ ಸುಟ್ಟಿತು.

ಸ್ವಲ್ಪ ನನ್ನ ಜಾಗದಲ್ಲಿ ನಿಂತು ನೋಡು. ಆಯಿಯ ಹೆಸರು ಹೇಳಿದ್ದರೆ ಅವಳು ಊಟ ಬಿಟ್ಟು ಮಲಗುತ್ತಿದ್ದಳು, ಅಪ್ಪ ನನ್ನ ಕಾಲೇಜು ಬಿಡಿಸುತ್ತಿದ್ದ, ಅವ್ವ ಮೂರು ದಿನ ಅಳುತ್ತಿದ್ದಳು. ನಿನಗೇನು, ನಾಲ್ಕು ಮಾತು ಅನ್ನಿಸಿಕೊಂಡೆ, ಬಸ್ಸು ಹತ್ತಿ ಹೋದೆ. ನಾನು ಇದೇ ಮನೆಯಲ್ಲಿ ಇರಬೇಕು.

ಆದರೂ ನಿನ್ನ ಕೆಲಸ ಮಾಡಿದ್ದೇನೆ ನೋಡು. ಯರಗಟ್ಟಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಬಟ್ಟೆಯ ಪ್ಯಾಡು ಹಾಕಿಕೊಡುತ್ತಾನೆ ಎಂದು ಅಪ್ಪನಿಗೆ ಹೇಳಿ ಒಪ್ಪಿಸಿದೆ. ಚಪ್ಪಲಿ ಅಂಗಡಿ ಎಂದೂ ಹೇಳಿಲ್ಲ, ತೊಗಲು ಎಂದೂ ಹೇಳಿಲ್ಲ. ನೀನೂ ಎಲ್ಲಿಯೂ ಬಾಯಿ ಬಿಡಬೇಡ, ಆಯಿಯ ಕಿವಿಗೆ ಬಿದ್ದರೆ ಈ ಸಲ ಹಂಡೆಗಲ್ಲ, ಬಾವಿಗೇ ಹಾಕುತ್ತಾಳೆ. ಪೆಟ್ಟಿಗೆಯನ್ನು ನಾಳಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತೇನೆ.

ಕೆಡಿಸಿದವರು ಯಾರೆಂಬ ಮಾತು ಈಗ ಯಾಕೆ? ಸರಿಹೋದರೆ ಎಲ್ಲರೂ ಮರೆಯುತ್ತಾರೆ.

ನಾಗರತ್ನಾ


ಯರಗಟ್ಟಿ
೨ ಸೆಪ್ಟೆಂಬರ್ ೧೯೯೬

ಪ್ರೀತಿಯ ನಾಗರತ್ನಾ,

ನುಡಿಯಿತು! ನಿನ್ನೆ ಸಂಜೆ ನುಡಿಯಿತು!

ಮಾವ ಮೊದಲ ದಿನ ಪೆಟ್ಟಿಗೆ ತೆರೆದು, "ಇದೇನವಾ, ಇಷ್ಟೊಂದು ಗುಂಡಿ! ನಾ ಅಂಗಾಲು ನೋಡಿದಾಂವ, ಗಂಟಲು ನೋಡಿದಾಂವ ಅಲ್ಲ" ಎಂದು ನಕ್ಕಿದ್ದ. ಆಮೇಲೆ ಅವನ ಹಟ ನೋಡಬೇಕಿತ್ತು. ಆಡಿನ ಮರಿಯ ತೆಳು ತೊಗಲು ತಂದ. ಒಳಗೆ ತುಂಬಲು ಹಳೇ ಕಂಬಳಿಯನ್ನು ಬಿಲ್ಲೆ ಬಿಲ್ಲೆ ಕತ್ತರಿಸಿದ. ಅರಗು ಕಾಯಿಸಿ ಒಂದೊಂದನ್ನೇ ಕೂರಿಸಿದ. ಪ್ಯಾಡಿನ ಕೆಳಗೆ ಸಿಗರೇಟಿನ ತೆಳು ಕಾಗದ ಇಟ್ಟು ಎಳೆದು ನೋಡಬೇಕು, ಬಿಗಿಯಾಗಿ ಹಿಡಿದರೆ ಗಾಳಿ ಸೋರುವುದಿಲ್ಲ ಎಂದು ಮಾಸ್ತರು ಹೇಳಿದ್ದರು. ಹಿಡಿಯದಿದ್ದನ್ನೆಲ್ಲ ಕಿತ್ತು ಮತ್ತೆ ಮಾಡಿದ. ಕೆಳಗಿನ ದೊಡ್ಡ ಪ್ಯಾಡನ್ನು ಒಂಬತ್ತು ಸಲ ಮಾಡಿದ. ನಾನು ಐದು ರವಿವಾರ ಅಲ್ಲಿಯೇ ಕುಳಿತು ತೊಗಲು ಹಿಡಿದುಕೊಟ್ಟೆ.

ನಾನು ಊದಿದಾಗ ಸಂತೆಗೆ ಬಂದವರು ಚೀಲ ಹಿಡಿದುಕೊಂಡೇ ನಿಂತರು. ಮಾವನ ಕಣ್ಣಲ್ಲಿ ನೀರು. ಒರೆಸಿಕೊಂಡು, "ಅರಗಿನ ಹೊಗಿ" ಎಂದ.

ಜುಲೈಯಲ್ಲಿ ಬರೆದದ್ದನ್ನು ಮರೆತುಬಿಡು. ನಾನೂ ಮರೆತೆ. ಮುಂದಿನ ರವಿವಾರ ಸ್ಯಾಕ್ಸೊಫೋನು ಹೊತ್ತುಕೊಂಡು ಬರುತ್ತೇನೆ.

ನಿನ್ನ
ಭಾಗ್ಯಾ


ಬೈಲಹೊಂಗಲ
೨೩ ಅಕ್ಟೋಬರ್ ೧೯೯೬

ಭಾಗ್ಯಾ,

ಲಕೋಟೆಯಲ್ಲಿ ಬನ್ನಿ ಎಲೆ ಇಟ್ಟಿದ್ದೇನೆ. ಬನ್ನಿ ತಗೊಂಡು ಬಂಗಾರದಂಗ ಇರೂನು.

ಎರಡು ಸುದ್ದಿ. ಪಣಜಿ ಹತ್ತಿರ ಬಂತೆಂದು ಮಾಸ್ತರು ಈಗ ನಮ್ಮ ಮನೆಯ ಮಹಡಿಯ ಮೇಲೆಯೇ ಉಳಿದುಕೊಂಡಿದ್ದಾರೆ. ತಾಲೀಮು ದಿನಾ ಸಂಜೆ ನಮ್ಮ ಪಡಸಾಲೆಯಲ್ಲಿ. ರವಿವಾರ ಬಿಡುವು. ಹಾಗಾಗಿ ನೀನು ರವಿವಾರ ಬಂದು ಪ್ರಯೋಜನವಿಲ್ಲ.

ಇನ್ನೊಂದು ಹೇಗೆ ಬರೆಯಲಿ? ಕಮಿಟಿ ಕುಳಿತು ಸ್ಯಾಕ್ಸೊಫೋನು ಸುಭಾಸಣ್ಣನಿಗೆ ಎಂದು ನಿರ್ಧರಿಸಿದೆ. ದಿನಾ ತಾಲೀಮಿಗೆ ಬರಲಾಗದವರನ್ನು ಮುಂದೆ ನಿಲ್ಲಿಸುವುದು ಹೇಗೆ ಎಂದು ಎಲ್ಲರೂ ಕೇಳಿದರು. ಅದೂ ಸರಿಯೇ ಅಲ್ಲವೇ? ಪ್ಯಾಡು ಗಟ್ಟಿಯಾಗಿ ಕೂತಿವೆ, ಅಣ್ಣ ಹಾಡಿನ ಭಾಗ ಚೆನ್ನಾಗಿ ಊದುತ್ತಾನೆ. ಸರದಿ ಬಂದಾಗ ಮಾತ್ರ ಪಿಳಿಪಿಳಿ ನೋಡುತ್ತ ನಿಂತುಬಿಡುತ್ತಾನೆ. ಏನೂ ಹೊಳೆಯುವುದಿಲ್ಲವಂತೆ.

ಅದಕ್ಕೇ ನಿನ್ನಲ್ಲಿ ಒಂದು ಬೇಡಿಕೆ. ಸರದಿಯಲ್ಲಿ ನೀನು ಊದುತ್ತಿದ್ದೆಯಲ್ಲ, ಅದನ್ನು ಸರಿಗಮ ಹಾಕಿ ಬರೆದು ಕಳಿಸು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನೂ ಬರೆ. ಇಷ್ಟು ಮಾಡಿಕೊಟ್ಟರೆ ನಿನ್ನನ್ನು ವ್ಯಾನಿನಲ್ಲಿ ಕರೆದೊಯ್ಯಲು ಅಪ್ಪನನ್ನು ಒಪ್ಪಿಸುವ ಹೊಣೆ ನನ್ನದು. ನಾವು ಎರಡು ಹಾಡು ಬಾರಿಸುತ್ತೇವೆ. ಮೊದಲನೆಯದು ಅಣ್ಣನಿಗಾದರೆ ಎರಡನೆಯದನ್ನು ನೀನು ಊದಬಹುದು.

ನಾಗರತ್ನಾ


ರಾಮದುರ್ಗ
೩ ನವೆಂಬರ್ ೧೯೯೬

ನಾಗರತ್ನಾ,

ತಾಲೀಮಿಗೆ ಬರಲಾಗದವಳು! ರವಿವಾರದ ತಾಲೀಮನ್ನು ಕಿತ್ತು, ಕಡೇ ಬಸ್ಸು ಹೋದ ಮೇಲೆ, ನಾನು ಇದುವರೆಗೆ ಕಟ್ಟೆಯ ಮೇಲಷ್ಟೇ ಕುಳಿತಿರುವ ನಿಮ್ಮ ಮನೆಯ ಒಳಗೆ ಇಟ್ಟವರು ಯಾರು? ನನಗೆ ಓದಲು ಬರುತ್ತದೆ ನಾಗರತ್ನಾ, ಅಕ್ಷರವನ್ನೂ ಓದುತ್ತೇನೆ, ಮನುಷ್ಯರನ್ನೂ ಓದುತ್ತೇನೆ. ಎಂಟು ದಿನ ಉತ್ತರ ಬರೆಯಬಾರದೆಂದೇ ಇದ್ದೆ.

ಆದರೆ ಗೋಕಾಕದವರು ಮತ್ತೆ ಬಂದುಹೋದರು. ಅಪ್ಪ, "ಪಣಜಿ ಆಗಲೀರಿ" ಎಂದು ಕೈಮುಗಿದು ಕಳಿಸಿದ. ನನಗೆ ಪಣಜಿಗೆ ಬೇರೆ ದಾರಿಯಿಲ್ಲ. ಆ ಒಂದು ಹಾಡಿಗಾಗಿ ನಿನ್ನ ಮಾತು ನಂಬುತ್ತೇನೆ.

ಬರೆಯಲು ಕುಳಿತರೆ ಏನು ಬರೆಯಲಿ? ನಾನು ಎಂದೂ ಒಂದೇ ಥರ ಎರಡು ಸಲ ಊದಿದವಳಲ್ಲ. ಕೊನೆಗೆ ಕಣ್ಣು ಮುಚ್ಚಿ, ಕೈಯಲ್ಲಿ ಲಟ್ಟಣಿಗೆ ಹಿಡಿದು ಬೆರಳಾಡಿಸುತ್ತ, ಬಂದದ್ದನ್ನು ಬರೆದೆ. ಅವ್ವ ನನಗೆ ಹುಚ್ಚು ಹಿಡಿಯಿತೆಂದು ಊದಿನಕಡ್ಡಿ ಹಚ್ಚಿದಳು. ಮೂರು ಹಾಳೆಗಳಾಗಿವೆ. ಉಸಿರಿನ ಜಾಗಕ್ಕೆ ಕೆಂಪು ಗೀಟು ಹಾಕಿದ್ದೇನೆ. ನಿಮ್ಮ ಅಣ್ಣನಿಗೆ ಕೊಡು.

ಜೊತೆಗಿರುವ ಚೀಟಿ ಮಾಸ್ತರಿಗೆ. ಅವರು ನಿಮ್ಮ ಮನೆಯಲ್ಲಿರುವುದರಿಂದ ನಿನ್ನ ಕೈಯಲ್ಲೇ ಕಳಿಸಬೇಕಾಯಿತು. ನಾನು ಬಿಟ್ಟಿಲ್ಲ, ಪಣಜಿಗೆ ಬರುತ್ತೇನೆ, ಎರಡನೆಯ ಹಾಡು ನನಗಿರಲಿ 
ಎಂದಷ್ಟೇ ಬರೆದಿದ್ದೇನೆ. ತಪ್ಪದೆ ಕೊಡು. ನಿನ್ನ ಕಾಲು ಹಿಡಿಯುತ್ತೇನೆ ಎಂದು ಬರೆಯಲು ಹೋಗಿ ಅಳಿಸಿದೆ.

ಭಾಗ್ಯಾ


ಬೈಲಹೊಂಗಲ
೧೪ ಡಿಸೆಂಬರ್ ೧೯೯೬

ಭಾಗ್ಯಾ,

ಕೆಲಸ ಬಹಳ, ನಾಲ್ಕೇ ಸಾಲು. ಹಾಳೆಗಳು ಮುಟ್ಟಿದವು, ಅಣ್ಣ ಬಾಯಿಪಾಠ ಮಾಡಿದ್ದಾನೆ. ಚೀಟಿ ಕೊಟ್ಟೆ.

ವ್ಯಾನು ರವಿವಾರ ಮುಂಜಾನೆ ಆರಕ್ಕೆ ಇಲ್ಲಿಂದ ಬಿಡುತ್ತದೆ, ಕಿತ್ತೂರಿನ ಮೇಲೆ ಹೋಗುತ್ತದೆ. ನೀನು ಕಿತ್ತೂರಿನ ಬಸ್ ನಿಲ್ದಾಣದ ಎದುರು ಆರೂವರೆಗೇ ನಿಂತಿರು. ಅಲ್ಲಿ ಹತ್ತಿಸಿಕೊಳ್ಳುತ್ತೇವೆ. ಊರಿಂದಲೇ ಹತ್ತಿಸಿಕೊಂಡರೆ ನೋಡುವವರ ಬಾಯಿಗೆ ಬೀಳಬೇಕಾಗುತ್ತದೆ, ತಿಳಿದುಕೋ.

ನಾಗರತ್ನಾ


ರಾಮದುರ್ಗ
೨೭ ಡಿಸೆಂಬರ್ ೧೯೯೬

ನಾಗರತ್ನಾ,

ನೀನು ನನ್ನನ್ನು ನೋಡಿದೆ. ನೋಡಲಿಲ್ಲವೆಂದು ಬರೆಯಬೇಡ.

ಶನಿವಾರವೇ ಅಪ್ಪ ರಜೆ ಹಾಕಿ ನನ್ನನ್ನು ಕಿತ್ತೂರಿಗೆ ಕರೆತಂದ. ಪರಿಚಯದವರ ಮನೆಯಲ್ಲಿ ಉಳಿದು ಆರಕ್ಕೇ ನಿಲ್ದಾಣದ ಎದುರು ನಿಂತೆವು. ನಾನು ನೀಲಿ ಸೀರೆ ಉಟ್ಟಿದ್ದೆ, ಅವ್ವನದು. ವ್ಯಾನು ಆರೂ ಮುಕ್ಕಾಲಿಗೆ ಬಂತು. ಅಪ್ಪ ರಸ್ತೆಯ ಅಂಚಿಗೆ ಹೋಗಿ ಟಾವೆಲ್ ಬೀಸಿದ. ನೀನು ಎಡಗಡೆಯ ಕಿಟಕಿಯಲ್ಲಿದ್ದೆ. ನನ್ನ ಮುಖವನ್ನು ನೋಡಿ ಕಿಟಕಿಯ ಗಾಜು ಎಳೆದುಕೊಂಡೆ. ವ್ಯಾನು ಮೆಲ್ಲಗೂ ಆಗಲಿಲ್ಲ. ಅಪ್ಪ ಇನ್ನೂ ಟಾವೆಲ್ ಬೀಸುತ್ತಲೇ ಇದ್ದ. "ನೋಡಿರಲಿಕ್ಕಿಲ್ಲವ್ವ, ನಿದ್ದಿಗಣ್ಣಾಗ ಇರಬೇಕು. ಮುಂದ ಹೋಗಿ ಹೊಳ್ಳಿ ಬರತಾರ" ಎಂದ. ಅರ್ಧ ತಾಸು ಕಾದೆವು.

ಊರಿಗೆ ಹೋಗೋಣ ಎಂದ ಅಪ್ಪನನ್ನು ಬೆಳಗಾವಿಯ ಬಸ್ಸಿಗೆ ನಾನೇ ಎಳೆದು ಹತ್ತಿಸಿದೆ. ಅಲ್ಲಿಂದ ಪಣಜಿ. ಘಾಟಿನಲ್ಲಿ ಅಪ್ಪ ಎರಡು ಸಲ ವಾಂತಿ ಮಾಡಿಕೊಂಡ. ಸಭಾಗೃಹದೊಳಗೆ ಕಾಲಿಟ್ಟಾಗ ನೀವೆಲ್ಲ ವೇದಿಕೆಯ ಮೇಲಿದ್ದಿರಿ. ಕಡೇ ಸಾಲಿನಲ್ಲಿ ಕುಳಿತೆವು.

ನಿಮ್ಮ ಅಣ್ಣನ ಸರದಿ ಬಂತು. ನನ್ನ ಮೂರು ಹಾಳೆ, ಒಂದು ಸ್ವರ ಬಿಡದೆ. ನಾನು ಕೆಂಪು ಗೀಟು ಎಳೆದಲ್ಲೇ ಉಸಿರು ತೆಗೆದ. ಬೇರೆಯವರ ಬಾಯಿಯಿಂದ ನನ್ನ ಉಸಿರು ಕೇಳಿದರೆ ಹೇಗಾಗುತ್ತದೆಂದು ನಿನಗೆ ಹೇಳಲಾರೆ. ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಮುಖ್ಯಸ್ಥರು ಮೊದಲ ಸಾಲಿನಿಂದ ಕೈಯೆತ್ತಿ, ಇನ್ನೊಂದು ಸರದಿ, ಹೊಸದು, ಎಂದು ಸನ್ನೆ ಮಾಡಿದರು. ನೀವು ಕೆಳಗೆ ತಾಳ ಹಿಡಿದಿರಿ. ಎರಡನೆಯದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಅವನು ಅದೇ ಮೂರು ಹಾಳೆಗಳನ್ನು ಮತ್ತೆ ಮೊದಲಿಂದ ಊದಿದ. ಅದೇ ಸ್ವರ, ಅದೇ ಉಸಿರು. ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಸಭಾಗೃಹವೆಲ್ಲ ನಕ್ಕಿತು. ಅವನು ನಡುವೆಯೇ ನಿಲ್ಲಿಸಿ ಒಳಗೆ ಓಡಿದ. ನಿಮ್ಮ ಎರಡನೆಯ ಹಾಡು ಆಗಲೇ ಇಲ್ಲ.

ಹೊರಗೆ ಮಾಸ್ತರು ಸಿಕ್ಕರು. ನನ್ನನ್ನು ನೋಡಿ, "ನಿನ್ನ ಮದುವಿ ಆತಲ್ಲ? ಗಂಡ ಕರಕೊಂಡು ಬಂದನೇನು?" ಎಂದರು. ಯಾವ ಮದುವೆ ಎಂದೆ. ಕಿಸೆಯಿಂದ ಚೀಟಿ ತೆಗೆದು ಕೊಟ್ಟರು. ಮದುವೆ ನಿಶ್ಚಯವಾಗಿದೆ, ಸಂಗೀತ ಬಿಟ್ಟಿದ್ದೇನೆ, ನನ್ನ ಸರದಿಯನ್ನು ಸುಭಾಸನಿಗೆ ಸಂತೋಷದಿಂದ ಕೊಟ್ಟಿದ್ದೇನೆ, ನನ್ನನ್ನು ಹುಡುಕಿ ಬರಬೇಡಿ. ಕೆಳಗೆ ಹೆಸರು ನನ್ನದು, ಅಕ್ಷರ ನಿನ್ನದು. ಏಳು ವರ್ಷ ಒಂದೇ ತರಗತಿಯಲ್ಲಿ ಪಕ್ಕದಲ್ಲಿ ಕುಳಿತು ಬರೆದವಳು ನಾನು, ನಿನ್ನ ಅಕ್ಷರ ನನಗೆ ತಿಳಿಯದೇ?

ಆ ಜಾಗ ಹೋಯಿತು. ನಿನ್ನೆ ಅಪ್ಪ ಗೋಕಾಕದವರಿಗೆ ಹೂಂ ಅಂದ. ನಿನ್ನ ಕೈಗೆ ಹುಳ ಬೀಳಲಿ.

ಭಾಗ್ಯಾ


ಬೈಲಹೊಂಗಲ
೧೯ ಜನವರಿ ೧೯೯೭

ಭಾಗ್ಯಾ,

ಮೂರು ವಾರ ನಿನ್ನ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡೆ. ನೀನು ಬರೆದದ್ದೆಲ್ಲ ನಿಜ. ಗಾಜು ಎಳೆದುಕೊಂಡದ್ದೂ ನಿಜ. ನಿನ್ನನ್ನು ಕಿತ್ತೂರಿನಲ್ಲಿ ನಿಲ್ಲಿಸು ಎಂದು ಹೇಳಿಕೊಟ್ಟದ್ದು ಅಪ್ಪ. ನೀನು ಮಾಸ್ತರ ಹತ್ತಿರ ಸುಳಿಯಬಾರದು, ಪಣಜಿಗೆ ಬೇರೆ ದಾರಿಯನ್ನೂ ಹುಡುಕಬಾರದು ಎಂದು. ಚೀಟಿ ಮಾತ್ರ ಅಪ್ಪ ಬರೆಸಲಿಲ್ಲ. ಅದು ನನ್ನದೇ ಬುದ್ಧಿ.

ಯಾಕೆಂದು ಕೇಳುತ್ತೀ. ನೀನು ಸರದಿಗೆ ಎದ್ದು ನಿಂತಾಗಲೆಲ್ಲ ನಾನು ಕೆಳಗೆ ಅದೇ ನಾಲ್ಕು ಸ್ವರ ಒತ್ತುತ್ತ ಕೂರುತ್ತಿದ್ದೆ. ಎರಡು ವರ್ಷದಲ್ಲಿ ಮಾಸ್ತರು ಒಂದು ಸಲವೂ ನನ್ನ ಕಡೆ ತಿರುಗಿ ನೋಡಲಿಲ್ಲ. ಫೆಬ್ರವರಿ ಹದಿನಾರಕ್ಕೆ ನನ್ನ ಮದುವೆ, ಹುಬ್ಬಳ್ಳಿಯ ಬೀಜದ ವ್ಯಾಪಾರಿಯ ಮನೆಗೆ. ಯಾರೂ ನನ್ನನ್ನು ಕೇಳಲಿಲ್ಲ. ನಾನು ಅಲ್ಲಿ ಚಪಾತಿ ಲಟ್ಟಿಸುವಾಗ ನೀನು ಪಣಜಿಯಲ್ಲಿ ಊದುತ್ತ ಇರುವುದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನಿನ್ನ ಬಾಳು ಹಾಳಾದದ್ದು ನನ್ನಿಂದ. ಈ ಪಾಪ ನನ್ನನ್ನು ಸಾಯುವ ತನಕ ಬಿಡುವುದಿಲ್ಲ, ಅನ್ನ ಇಳಿಯುವುದಿಲ್ಲ, ಅಳುತ್ತಲೇ ಇದ್ದೇನೆ.

ಪ್ರಾಯಶ್ಚಿತ್ತಕ್ಕೆ ಒಂದು ದಾರಿ ಹುಡುಕಿದ್ದೇನೆ, ಇಲ್ಲ ಅನ್ನಬೇಡ. ನನ್ನ ಮದುವೆಯಲ್ಲಿ ನೀನು ಸ್ಯಾಕ್ಸೊಫೋನು ಊದು. ಅಪ್ಪನನ್ನು ಒಪ್ಪಿಸಿದ್ದೇನೆ. ಅಣ್ಣ ಪಣಜಿಯಿಂದ ಬಂದವನು ಅದನ್ನು ಮುಟ್ಟಿಲ್ಲ, ಊಟಕ್ಕೂ ಕೋಣೆಯಿಂದ ಹೊರಗೆ ಬರುವುದಿಲ್ಲ. ಮೆರವಣಿಗೆಯಲ್ಲಿ ಬ್ಯಾಂಡಿನವರ ಜೊತೆ ನಿಲ್ಲಬೇಕಾಗುತ್ತದೆ, ಅಷ್ಟೇ. ಊಟಕ್ಕೆ ನಿಮಗೆ ಹಿತ್ತಲಲ್ಲಿ ಬೇರೆ ಪಂಕ್ತಿ ಹಾಕಿಸುತ್ತೇನೆ, ಮದುಮಗಳಾದರೂ ನಾನೇ ಬಂದು ಬಡಿಸುತ್ತೇನೆ. ನೋಡಿದವರು ನೋಡಲಿ.

ನನ್ನನ್ನು ಕ್ಷಮಿಸು ಭಾಗ್ಯಾ.

ನಾಗರತ್ನಾ


ರಾಮದುರ್ಗ
೩೦ ಜನವರಿ ೧೯೯೭

ನಾಗರತ್ನಾ,

ಹಿತ್ತಲ ಪಂಕ್ತಿಗೆ ಬೇರೆ ಯಾರನ್ನಾದರೂ ಕೂರಿಸು. ನಾನು ಬರುವುದಿಲ್ಲ.

ಆದರೆ ನಿನ್ನ ಅಳು ಓದಿ ನನಗೆ ಮೈಯೆಲ್ಲ ಉರಿಯಿತು. ನನ್ನ ಬಾಳು ನಿನ್ನಿಂದ ಹಾಳಾಯಿತೇ? ಅಷ್ಟು ದೊಡ್ಡವಳೇನೇ ನೀನು? ನಮ್ಮಿಂದ ಎಲ್ಲವನ್ನೂ ತೆಗೆದುಕೊಂಡಿರಿ, ಈಗ ನನ್ನ ತಪ್ಪನ್ನೂ ನಿನ್ನದು ಎಂದು ಎತ್ತಿಟ್ಟುಕೊಂಡು ಅಳುತ್ತ ಕೂರುತ್ತೀಯಾ? ಅದನ್ನು ಕೊಡುವುದಿಲ್ಲ. ಹೋದ ಪತ್ರದಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ. ಈಗ ಕೇಳು.

ಹಿಂದಿನಿಂದ ಯಾರೋ ನಕ್ಕರು ಎಂದು ಬರೆದೆನಲ್ಲ, ಆ ಯಾರೋ ನಾನೇ.

ಪಣಜಿಯವರು ಎರಡನೆಯ ಸರದಿ ಕೇಳುತ್ತಾರೆ, ಯಾವಾಗಲೂ ಕೇಳುತ್ತಾರೆ ಎಂದು ಮಾಸ್ತರು ನನಗೆ ಜೂನಿನಲ್ಲೇ ಹೇಳಿದ್ದರು. ನವೆಂಬರಿನಲ್ಲಿ ಹಾಳೆ ತುಂಬಿಸುವಾಗ ನನಗೆ ಅದು ನೆನಪಿತ್ತು. ಬರೆಯಲಿಲ್ಲ. ಕಡೇ ಸಾಲಿನಲ್ಲಿ ಕುಳಿತು, ಕೇಳಲಿ, ಕೇಳಲಿ ಎಂದು ಕಾಯುತ್ತಿದ್ದೆ. ಅವನು ಅದೇ ಸ್ವರ ಮತ್ತೆ ಹಿಡಿದ ಕೂಡಲೇ ಬಾಯಿತುಂಬ ನಕ್ಕೆ. ಪಕ್ಕದವರು ನನ್ನನ್ನು ನೋಡಿ ನಕ್ಕರು, ಅವರನ್ನು ನೋಡಿ ಮುಂದಿನವರು. ಅಪ್ಪ ನನ್ನ ಕೈ ಹಿಡಿದು, "ನಗಬ್ಯಾಡವ್ವ, ಆ ಹುಡುಗನ ಮುಖ ನೋಡು" ಎಂದ. ಮುಖ ನೋಡಿಯೇ ನಗುತ್ತಿದ್ದೆ.

ಹೊರಗೆ ಮಾಸ್ತರು ಆ ಚೀಟಿ ನಿನ್ನದೆಂದು ಕೇಳಿ ಅದನ್ನು ಮತ್ತೊಮ್ಮೆ ಓದಿದರು. ಆಮೇಲೆ ಹೇಳಿದರು: "ಅವರು ಇವತ್ತ ಯಾರನ್ನೂ ಆರಿಸಿಲ್ಲ. ಜಾಗ ಇನ್ನೂ ಖಾಲಿ ಐತಿ. ನಾಳೆ ಮುಂಜಾನೆ ನಿನ್ನ ಅವರ ಮುಂದ ನಿಲ್ಲಸ್ತೇನಿ. ಖರೇ ಹೇಳು, ಮೊದಲ ನಕ್ಕಾಕಿ ನೀನ ಹೌದಲ್ಲೋ?" ಕಿವಿಯಿಂದಲೇ ಬದುಕಿದ ಮನುಷ್ಯ. ಹೌದೆಂದೆ.

"ಸರದಿಯಾಗ ಒಬ್ಬ ಸಿಕ್ಕೊಂಡು ಬಿದ್ರ ಉಳಿದವರು ಕೆಳಗ ನಿಂತು ಎತ್ತಿ ಹಿಡೀಬೇಕು. ಅಂವ ಎಂಥಾವನ ಇರಲಿ. ನಲವತ್ತು ವರ್ಷದಾಗ ನನ್ನ ಬ್ಯಾಂಡಿನವರು ನನ್ನ ಬ್ಯಾಂಡಿನವನಿಗೆ ನಕ್ಕಿದ್ದಿಲ್ಲ. ತಪ್ಪಾತು ಅನ್ನು, ನಾಳೆ ಕರಕೊಂಡು ಹೋಗತೇನಿ."

ಒಂದು ಮಾತು, ನಾಗರತ್ನಾ. ಎರಡು ವರ್ಷದ ಊಟ, ವಸತಿ, ಪಾಠ, ಎಲ್ಲ ಆ ಒಂದು ಮಾತಿನ ಆಚೆಗಿತ್ತು. ಅಪ್ಪ ಪಕ್ಕದಲ್ಲಿ, "ಅನ್ನವ್ವ, ಅಂದುಬಿಡು" ಎಂದು ಬೇಡಿಕೊಂಡ. ನನಗೆ ಬಾಯಿ ಬರಲಿಲ್ಲ. ತಪ್ಪು ಎನ್ನಿಸಿರಲೇ ಇಲ್ಲ. ಹದಿನೇಳು ವರ್ಷದಲ್ಲಿ ಅಷ್ಟು ಖುಷಿಯಾಗಿ ನಾನು ಎಂದೂ ನಕ್ಕಿರಲಿಲ್ಲ. ಅಪ್ಪ ಮಾಸ್ತರ ಕಾಲಿಗೆ ಬೀಳಲು ಬಗ್ಗಿದ. ನಾನು ಅವನ ತೋಳು ಹಿಡಿದು ಎತ್ತಿದೆ. ಮಾಸ್ತರು ಹೋದರು. ಅಪ್ಪ ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ.

ಮಾರ್ಚ್ ಎರಡಕ್ಕೆ ನನ್ನ ಮದುವೆ. ದಿನಾ ಮುಂಜಾನೆ ಎದ್ದ ಕೂಡಲೇ ಆ ಮಾತನ್ನು ಅನ್ನಬೇಕಿತ್ತು ಎನ್ನಿಸುತ್ತದೆ. ಸುಭಾಸನ ಆ ಮುಖ ಕಣ್ಣ ಮುಂದೆ ಬರುತ್ತದೆ, ಮತ್ತೆ ನಗು ಬರುತ್ತದೆ. ಅತ್ತೂ ಬಿಡುತ್ತೇನೆ.

ನಿನಗೆ ಕ್ಷಮೆ ಬೇಕಿದ್ದರೆ ಒಂದು ಕೆಲಸ ಮಾಡು. ನಿಮ್ಮ ಅಣ್ಣನ ಕೋಣೆಯ ಬಾಗಿಲು ತಟ್ಟಿ, ಈ ಪತ್ರವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳು.

ಭಾಗ್ಯಾ